‘ಕೊನೆಯ ಲಾಟು’ ದೋಣಿ ತಗೋಬಹುದಾ? ಕಾರವಾರದಿಂದ ಭಟ್ಕಳದವರೆಗೆ ಮೊದಲ ಮೋಟಾರ್ ದೋಣಿ ಕೊಳ್ಳುವವರಿಗೆ

“ಈ ಮಾಡೆಲ್ ಇನ್ನು ಬರೋದಿಲ್ಲ. ಇದೇ ಕೊನೆ ಪೀಸು. ಬೇಕಾದ್ರೆ ರೇಟು ಇಳಿಸಿ ಕೊಡ್ತೇನೆ.” ಮೊದಲ ಸಲ ಮೋಟಾರ್ ದೋಣಿ ವಿಚಾರಿಸಲು ಹೋದಾಗ ಡೀಲರ್ ಹೀಗೆ ಹೇಳಿದರೆ ಆಸೆ ಆಗುತ್ತದೆ. ಜೊತೆಗೆ ಭಯವೂ ಆಗುತ್ತದೆ. ಹೊಸ ದೋಣಿ, ಕಡಿಮೆ ರೇಟು, ಸರಿ. ಆದರೆ ನಾಳೆ ಬಿಡಿಭಾಗ ಸಿಗದಿದ್ದರೆ ಏನು ಗತಿ?

ಇದನ್ನು ಬರೆದದ್ದು ಅಂಥವರಿಗಾಗಿ. ಹನ್ನೆರಡರಿಂದ ಇಪ್ಪತ್ತು ಅಡಿಯ ಫೈಬರ್ ದೋಣಿ, 9.9ರಿಂದ 40 ಎಚ್‌ಪಿ ತನಕದ ಔಟ್‌ಬೋರ್ಡ್ ಎಂಜಿನ್ (ದೋಣಿಯ ಹಿಂಬದಿಗೆ ಹೊರಗಿನಿಂದ ಕೂರಿಸುವ ಎಂಜಿನ್), ಇಷ್ಟರೊಳಗಿನ ಮಾತು ಮಾತ್ರ. ದೊಡ್ಡ ಬಲೆಯ ಟ್ರಾಲ್ ದೋಣಿ, ಪರ್ಸೀನ್ ದೋಣಿಗಳ ಲೆಕ್ಕವೇ ಬೇರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನೀವು ಕೊಳ್ಳುವುದು ಒಂದಲ್ಲ, ಎರಡು ಸಾಮಾನು. ಒಂದು ಬಾಡಿ, ಇನ್ನೊಂದು ಎಂಜಿನ್. ಬಾಡಿಯ ಮಾಡೆಲ್ ನಿಂತುಹೋದರೆ ತಲೆ ಕೆಡಿಸಿಕೊಳ್ಳಬೇಡಿ. ಎಂಜಿನ್ನಿನ ಮಾಡೆಲ್ ನಿಂತುಹೋಗುವುದಾದರೆ ನಿಮ್ಮ ಬಂದರಿಗೆ ಹೋಗಿ ನೋಡಿ. ಅದೇ ಎಂಜಿನ್ ಅಲ್ಲಿ ಹತ್ತಾರು ದೋಣಿಗಳ ಹಿಂದೆ ನೇತಾಡುತ್ತಿದ್ದರೆ ಧೈರ್ಯವಾಗಿ ತಗೊಳ್ಳಿ. ಒಂದೂ ಕಾಣದಿದ್ದರೆ ಅರ್ಧ ರೇಟಿಗೆ ಕೊಟ್ಟರೂ ಯೋಚನೆ ಮಾಡಿ.

ಬಾಡಿ ನಿಂತರೆ ಏನೂ ಆಗಲ್ಲ

ಫೈಬರ್ ಬಾಡಿಗೆ ಕಂಪನಿಯ ಬಿಡಿಭಾಗ ಅಂತ ವಿಶೇಷ ಏನಿಲ್ಲ. ಗ್ಲಾಸ್ ಮ್ಯಾಟ್, ರೆಸಿನ್, ಹಾರ್ಡ್‌ನರ್, ಮೇಲೆ ಜೆಲ್‌ಕೋಟ್. ಬಂಡೆಗೆ ತಾಗಿ ಬಿರುಕು ಬಿಟ್ಟರೆ ಕಾರವಾರದ ಬೈತಖೋಲದಲ್ಲೋ ಹೊನ್ನಾವರದಲ್ಲೋ ಫೈಬರ್ ಕೆಲಸ ಬಲ್ಲವರು ಸಿಗುತ್ತಾರೆ. ಯಾವ ಕಂಪನಿಯ ದೋಣಿ ಅಂತ ಅವರು ಕೇಳುವುದೂ ಇಲ್ಲ. ಸ್ಟೇರಿಂಗ್ ಕೇಬಲ್, ತಳದಲ್ಲಿ ಸೇರಿದ ನೀರು ಹೊರಹಾಕುವ ಬಿಲ್ಜ್ ಪಂಪು, ಲೈಟು, ಹಗ್ಗ ಕಟ್ಟುವ ಕ್ಲೀಟು ಎಲ್ಲವೂ ಎಲ್ಲ ದೋಣಿಗೂ ಹೊಂದುವ ಸಾಮಾನು. ಮಾಡೆಲ್ಲಿಗೆ ತಕ್ಕಂತೆಯೇ ಬೇಕಾಗುವುದು ಮುಂದಿನ ಗಾಜು, ಪೆಟ್ಟಿಗೆಗಳ ಮುಚ್ಚಳ, ಸೀಟಿನ ಕವರ್ ಅಷ್ಟೇ. ಕಡಿಮೆ ಬೆಲೆಯ ತೆರೆದ ದೋಣಿಯಲ್ಲಿ ಅದೂ ಜಾಸ್ತಿ ಇರುವುದಿಲ್ಲ.

ಮಾರುವಾಗ ರೇಟು ಸ್ವಲ್ಪ ಕಡಿಮೆ ಬರಬಹುದು. ಆದರೆ ನಮ್ಮ ಕಡೆ ಹಳೆ ದೋಣಿ ಕೊಳ್ಳುವವರು ಬಾಡಿಯ ಹೆಸರು ನೋಡುವುದಕ್ಕಿಂತ ಅದರ ಗಟ್ಟಿತನ ನೋಡುತ್ತಾರೆ. ನೀವೂ ಹಾಗೇ ನೋಡಿ. ಎಂಜಿನ್ ಕೂರುವ ಹಿಂಬದಿ ಹಲಗೆ, ಅಂದರೆ ಟ್ರಾನ್ಸಮ್, ಮುಖ್ಯ. ಸಾಮಾನ್ಯವಾಗಿ ಅದರ ಒಳಗೆ ಪ್ಲೈವುಡ್ ಇರುತ್ತದೆ. ಬೋಲ್ಟ್ ಹಾಕಿದ ತೂತಿನಿಂದ ನೀರು ಇಳಿದರೆ ಒಳಗೇ ಕೊಳೆಯುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ನಾಣ್ಯದಿಂದ ಸಾಲಾಗಿ ತಟ್ಟುತ್ತಾ ಹೋಗಿ. ಟಣ್ ಅಂದರೆ ಗಟ್ಟಿ. ಬೊದ್ದು ಸದ್ದು ಬಂದರೆ ಒಳಗೆ ನೀರು, ಇಲ್ಲವೇ ಪದರ ಬಿಟ್ಟಿದೆ. ಎರಡು ವರ್ಷ ಅಂಗಳದಲ್ಲಿ ಬಿಸಿಲು ಮಳೆಗೆ ನಿಂತ ಹೊಸ ದೋಣಿಯಲ್ಲೂ ಇದು ಆಗಬಹುದು. ಹಾಗಾಗಿ ‘ಹೊಸದು’ ಎಂದ ಮಾತ್ರಕ್ಕೆ ಪರೀಕ್ಷೆ ಬಿಡಬೇಡಿ.

ಹೊರದೇಶದಿಂದ ಬಂದ ದೋಣಿಯಾದರೆ ಹಿಂಬದಿಯ ಬಲಮೂಲೆಯಲ್ಲಿ ಅದರ ಗುರುತಿನ ಸಂಖ್ಯೆ ಕೆತ್ತಿರುತ್ತದೆ. ಕೊನೆಯ ಎರಡು ಅಂಕಿ ಮಾಡೆಲ್ ವರ್ಷ. ಡೀಲರ್ ಹೇಳುವ ವರ್ಷಕ್ಕೂ ಇದಕ್ಕೂ ತಾಳೆ ಆಗಬೇಕು.

ಎಂಜಿನ್ ನಿಂತರೆ ಲೆಕ್ಕ ಬೇರೆ

ಎವಿನ್‌ರೂಡ್ ಎಂಬ ಹೆಸರು ಹಳಬರಿಗೆ ಗೊತ್ತಿರುತ್ತದೆ. ಔಟ್‌ಬೋರ್ಡ್ ಎಂಜಿನ್ನುಗಳಲ್ಲಿ ನೂರು ವರ್ಷ ದಾಟಿದ ಹೆಸರು ಅದು. ಅದರ ಒಡೆತನ ಇದ್ದ ಬಿಆರ್‌ಪಿ ಎಂಬ ಕೆನಡಾ ಕಂಪನಿ 2020ರ ಮೇ ತಿಂಗಳಲ್ಲಿ ಆ ಎಂಜಿನ್ ತಯಾರಿಕೆಯನ್ನೇ ನಿಲ್ಲಿಸಿತು. ಗ್ಯಾರಂಟಿ ನಡೆಸಿಕೊಡುತ್ತೇವೆ, ಬಿಡಿಭಾಗ ಕೊಡುತ್ತೇವೆ ಅಂತ ಮಾತು ಕೊಟ್ಟಿತು. ಆದರೂ ಡೀಲರ್‌ಗಳು ಬೇರೆ ಕಂಪನಿಯ ಕಡೆ ಹೋಗಲೇಬೇಕಾಯಿತು. ಅದರ ಹೊಸ ಎಂಜಿನ್‌ಗಳು ಪೂರ್ತಿ ಕಂಪ್ಯೂಟರ್ ಮೇಲೆ ನಡೆಯುವಂಥವು. ಇಂಜೆಕ್ಟರ್, ಕಂಟ್ರೋಲ್ ಪೆಟ್ಟಿಗೆ ಎಲ್ಲ ಅದೇ ಕಂಪನಿಯದ್ದೇ ಬೇಕು. ಬೇರೆಯದು ಹೊಂದುವುದಿಲ್ಲ.

ಇದಕ್ಕೆ ಉಲ್ಟಾ ಉದಾಹರಣೆಯೂ ಇದೆ. ನಿಸ್ಸಾನ್ ಹೆಸರಿನ ಔಟ್‌ಬೋರ್ಡ್ ಎಂಜಿನ್‌ಗಳು ಒಂದು ಕಾಲದಲ್ಲಿ ಇದ್ದವು. ಅವನ್ನು ತಯಾರಿಸುತ್ತಿದ್ದದ್ದು ತೊಹಾತ್ಸು. ನಿಸ್ಸಾನ್ ಹೆಸರು ಹೋಯಿತು, ಆದರೆ ಒಳಗಿನ ಎಂಜಿನ್ನಿಗೆ ತೊಹಾತ್ಸು ಬಿಡಿಭಾಗ ಆಗುತ್ತದೆ. ಮರ್ಕ್ಯುರಿಯ ಸಣ್ಣ ಎಂಜಿನ್‌ಗಳಲ್ಲೂ ಬಹಳಷ್ಟು ತೊಹಾತ್ಸು ಜೊತೆ ಸೇರಿ ಮಾಡಿದವೇ. ಹಾಗಾಗಿ ಮುಚ್ಚಳದ ಮೇಲಿನ ಸ್ಟಿಕರ್ ನಿಲ್ಲುತ್ತದೋ, ಒಳಗಿನ ಎಂಜಿನ್ನೇ ನಿಲ್ಲುತ್ತದೋ ಎಂಬುದನ್ನು ಮೊದಲು ಕೇಳಿ ತಿಳಿದುಕೊಳ್ಳಿ. ಎರಡಕ್ಕೂ ಬಹಳ ವ್ಯತ್ಯಾಸ ಇದೆ.

ಇನ್ನೊಂದು ವಿಷಯ. ಕಾರ್ಬೊರೇಟರ್ ಇರುವ ಹಳೆ ಕಾಲದ ಎರಡು ಸ್ಟ್ರೋಕ್ ಎಂಜಿನ್ನಿನ ತಯಾರಿಕೆ ನಿಂತರೂ ಅದು ಅಷ್ಟು ಬೇಗ ಅನಾಥ ಆಗುವುದಿಲ್ಲ. ಅಮೆರಿಕದಲ್ಲಿ ಹೊಗೆಯ ನಿಯಮ 1998ರಿಂದ 2006ರೊಳಗೆ ಹಂತಹಂತವಾಗಿ ಬಿಗಿಯಾಗಿ ಇಂಥ ಎಂಜಿನ್‌ಗಳು ಅಲ್ಲಿನ ಹೊಸ ಮಾರುಕಟ್ಟೆಯಿಂದ ಹೊರಬಿದ್ದವು. ಆದರೆ ಏಷ್ಯಾ, ಆಫ್ರಿಕಾದ ಮೀನುಗಾರರು ಆಮೇಲೂ ವರ್ಷಾನುಗಟ್ಟಲೆ ಅವನ್ನೇ ನಂಬಿ ದುಡಿದರು. ಬಳಸುವವರು ಇರುವ ತನಕ ಬಿಡಿಭಾಗ ಮಾಡುವವರೂ ಇರುತ್ತಾರೆ. ಪಿಸ್ಟನ್, ರಿಂಗು, ಗ್ಯಾಸ್ಕೆಟ್, ನೀರಿನ ಪಂಪಿನ ಇಂಪೆಲ್ಲರ್ ಇವೆಲ್ಲ ಬೇರೆ ಕಂಪನಿಯ ತಯಾರಿಕೆಯಲ್ಲೂ ಸಿಗುತ್ತವೆ. ಬಂದರಿನ ಮೆಕ್ಯಾನಿಕ್‌ಗೆ ಲ್ಯಾಪ್‌ಟಾಪ್ ಬೇಕಿಲ್ಲ. ಪ್ಲಗ್ ಬಿಚ್ಚಿ ಅದರ ಬಣ್ಣ ನೋಡಿಯೇ ಅರ್ಧ ರೋಗ ಹೇಳುತ್ತಾರೆ.

ಇಂಧನ ಇಂಜೆಕ್ಷನ್ ಇರುವ ಎಂಜಿನ್ನಿನ ತಯಾರಿಕೆ ನಿಲ್ಲುವುದಾದರೆ ಕಥೆ ಬೇರೆ. ಅದರಲ್ಲಿ ಒಂದು ಸೆನ್ಸರ್ ಕೆಟ್ಟರೂ ಎಂಜಿನ್ ನಿಲ್ಲಬಹುದು. ಆ ಸೆನ್ಸರ್ ಎಲ್ಲಿಂದ ಬರಬೇಕು, ಎಷ್ಟು ದಿನ ಬೇಕು ಅಂತ ಡೀಲರನ್ನು ಕೇಳಿ. ಉತ್ತರ ತಡವರಿಸಿದರೆ ಬಿಡಿ. ಜಾರ್ ಸಿಗದ ಮಿಕ್ಸರ್ ಮನೆಯಲ್ಲಿಟ್ಟು ಏನು ಮಾಡೋಣ, ಅಲ್ವಾ?

ಎದುರಿಗಿರುವ ನಾಲ್ಕು ದಾರಿ

ಕೊನೆಯ ಲಾಟಿನ ಹೊಸ ದೋಣಿ ಒಂದು. ಸ್ವಲ್ಪ ಹೆಚ್ಚು ಕೊಟ್ಟು, ಅಥವಾ ಕಾದು, ಬರಲಿರುವ ಹೊಸ ಮಾಡೆಲ್ ತೆಗೆದುಕೊಳ್ಳುವುದು ಎರಡು. ಬಾಡಿಯನ್ನು ಯಾರ್ಡಿನಲ್ಲಿ ಮಾಡಿಸಿ ಎಂಜಿನ್ ಬೇರೆ ಕೊಳ್ಳುವುದು ಮೂರು. ಒಬ್ಬರು ಬಳಸಿದ ದೋಣಿ ತೆಗೆದುಕೊಳ್ಳುವುದು ನಾಲ್ಕು.

ನಾಲ್ಕನೆಯದನ್ನು ಬೇಗ ಮುಗಿಸುತ್ತೇನೆ. ಹಳೆ ದೋಣಿ ಅಗ್ಗ, ನಿಜ. ಆದರೆ ಅದು ದೋಣಿ ಗೊತ್ತಿರುವವರಿಗೆ. ಉಪ್ಪು ನೀರಿನಲ್ಲಿ ಓಡಿದ ಎಂಜಿನ್ನನ್ನು ಹಿಂದಿನವರು ಪ್ರತಿ ಸಲ ಸಿಹಿನೀರಿನಲ್ಲಿ ತೊಳೆದಿದ್ದಾರೋ ಇಲ್ಲವೋ ಹೊರಗಿನಿಂದ ಹೇಳಲು ಆಗುವುದಿಲ್ಲ. ಮೊದಲ ದೋಣಿಗೆ ಇದು ಬೇಡ. ನಿಮ್ಮ ಅಣ್ಣನೋ ಮಾವನೋ ಬಳಸಿದ ದೋಣಿ, ಅದರ ಚರಿತ್ರೆ ನಿಮಗೆ ಗೊತ್ತು ಅಂತಾದರೆ ಮಾತು ಬೇರೆ.

ಹೊಸ ಮಾಡೆಲ್‌ಗೆ ಕಾಯುವುದು ಸುಭದ್ರ ಅಂತ ಹಲವರು ತಿಳಿಯುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹೊಸ ಎಂಜಿನ್ನಿನ ಮೊದಲ ಲಾಟಿನಲ್ಲಿ ಏನು ತೊಂದರೆ ಇದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ನಿಲ್ಲುತ್ತಿರುವ ಎಂಜಿನ್ನಿನ ತೊಂದರೆ ಇಡೀ ಬಂದರಿಗೇ ಗೊತ್ತು. ಯಾವ ಬೇರಿಂಗ್ ಹೋಗುತ್ತದೆ, ಎಲ್ಲಿ ಉಪ್ಪು ಕಟ್ಟುತ್ತದೆ, ಅದಕ್ಕೆ ಮದ್ದೇನು, ಎಲ್ಲ ಗೊತ್ತಿರುತ್ತದೆ. ಹೊಸ ಮಾಡೆಲ್ ತೆಗೆದುಕೊಳ್ಳಬೇಕಾದವರು ಅಂದರೆ ದಿನಾ ಗಂಟೆಗಟ್ಟಲೆ ಓಡಿಸುವವರು. ಅವರಿಗೆ ಪೆಟ್ರೋಲಿನ ಉಳಿತಾಯವೇ ದೊಡ್ಡದು. ಅದರ ಲೆಕ್ಕ ಮುಂದೆ ಇದೆ.

ಮೂರನೆಯ ದಾರಿ ನನಗೆ ಇಷ್ಟ. ಮಲ್ಪೆ, ಗೋವಾ, ಕೇರಳದ ಕಡೆ ಫೈಬರ್ ದೋಣಿ ಮಾಡುವ ಯಾರ್ಡುಗಳಿವೆ. ನಿಮ್ಮ ಅಳಿವೆಗೆ ಬೇಕಾದ ಉದ್ದ, ಅಗಲ, ಅಂಚಿನ ಎತ್ತರ ಹೇಳಿ ಮಾಡಿಸಬಹುದು. ಮಾಡುವಾಗ ಒಂದೆರಡು ಸಲ ಹೋಗಿ ನೋಡಿ ಬನ್ನಿ. ಎಷ್ಟು ಪದರ ಮ್ಯಾಟ್ ಹಾಕುತ್ತಾರೆ, ರೆಸಿನ್ ಯಾವುದು ಅಂತ ಕೇಳಿ. ಐಸೊ ರೆಸಿನ್ ನೀರನ್ನು ಹೆಚ್ಚು ತಡೆಯುತ್ತದೆ, ಸಾದಾ ಆರ್ಥೊ ರೆಸಿನ್ನಿಗಿಂತ ದುಬಾರಿ. ಕನಿಷ್ಠ ಹೊರಪದರಕ್ಕಾದರೂ ಐಸೊ ಹಾಕಿಸಿ. ಟ್ರಾನ್ಸಮ್‌ಗೆ ಮರೈನ್ ಪ್ಲೈ ಹಾಕಿದ್ದನ್ನು ಕಣ್ಣಾರೆ ನೋಡಿ. ಮುಳುಗದಂತೆ ಒಳಗೆ ಫೋಮ್ ತುಂಬಿಸಲು ಹೇಳಿ. ಈ ದಾರಿಯಲ್ಲಿ ಒಂದೇ ತೊಡಕು ಇದೆ. ದೋಣಿ ಮತ್ತು ಎಂಜಿನ್ ಇಬ್ಬರ ಕೈಯಿಂದ ಬಂದಿರುವುದರಿಂದ, ಓಟದಲ್ಲಿ ತೊಂದರೆ ಬಂದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ಕೊನೆಯ ಲಾಟಿನ ದೋಣಿಗೆ ಇದೇ ವಿಷಯದಲ್ಲಿ ಒಂದು ಅನುಕೂಲ ಇದೆ. ಬಾಡಿ, ಎಂಜಿನ್ ಎರಡಕ್ಕೂ ಹೊಂದಾಣಿಕೆ ಮೊದಲೇ ಆಗಿರುತ್ತದೆ. ಕೊಂಡು ತಂದು ನೀರಿಗೆ ಇಳಿಸಿದರೆ ಆಯಿತು. ಆದರೆ ಇಲ್ಲೂ ಒಂದು ಕಡೆ ಎಚ್ಚರ ಬೇಕು. ಕೊನೆಗೆ ಉಳಿಯುವುದು ಯಾವಾಗಲೂ ಬೇರೆಯವರು ಬಿಟ್ಟ ಸರಕು. ಔಟ್‌ಬೋರ್ಡ್ ಎಂಜಿನ್ನಿನ ಕಾಲು, ಅಂದರೆ ನೀರಿಗೆ ಇಳಿಯುವ ಭಾಗ, ಮುಖ್ಯವಾಗಿ ಎರಡು ಅಳತೆಯಲ್ಲಿ ಬರುತ್ತದೆ. ಗಿಡ್ಡದ್ದು 15 ಇಂಚು, ಉದ್ದದ್ದು 20 ಇಂಚು. ನಿಮ್ಮ ಟ್ರಾನ್ಸಮ್ 15 ಇಂಚು ಎತ್ತರದ್ದಾಗಿ, ಉಳಿದ ಎಂಜಿನ್ 20 ಇಂಚಿನದ್ದಾದರೆ, ಅದು ಮರಳುದಿನ್ನೆಗೆ ತಾಗುತ್ತದೆ, ವೇಗವೂ ಬರುವುದಿಲ್ಲ. ಉಲ್ಟಾ ಆದರೆ ಪ್ರೊಪೆಲ್ಲರ್ ಗಾಳಿ ಎಳೆದು ಸುಮ್ನೆ ಸುತ್ತುತ್ತದೆ. ರೇಟು ಎಷ್ಟೇ ಕಡಿಮೆ ಮಾಡಲಿ, ತಪ್ಪು ಅಳತೆಯದ್ದನ್ನು ಒಪ್ಪಬೇಡಿ.

ಎರಡು ಸ್ಟ್ರೋಕೋ, ನಾಲ್ಕು ಸ್ಟ್ರೋಕೋ

ತಯಾರಿಕೆ ನಿಲ್ಲುತ್ತಿರುವುದು ಹೆಚ್ಚಾಗಿ ಎರಡು ಸ್ಟ್ರೋಕ್, ಅದರ ಜಾಗಕ್ಕೆ ಬರುವುದು ನಾಲ್ಕು ಸ್ಟ್ರೋಕ್. ಆದ್ದರಿಂದ ಈ ಹೋಲಿಕೆ ಬೇಕು.

ತೂಕ ನೋಡಿ. 40 ಎಚ್‌ಪಿಯ ಎರಡು ಸ್ಟ್ರೋಕ್ ಎಂಜಿನ್ 75 ಕೆಜಿ ಆಸುಪಾಸು. ಅದೇ ಶಕ್ತಿಯ ನಾಲ್ಕು ಸ್ಟ್ರೋಕ್ 95ರಿಂದ 100 ಕೆಜಿ. ಜೆಟ್ಟಿ ಇದ್ದರೆ ಇದು ದೊಡ್ಡ ಮಾತಲ್ಲ. ಮಾಜಾಳಿಯಲ್ಲೋ ಕಾಸರಕೋಡಿನಲ್ಲೋ ದಡದ ಮರಳಿನ ಮೇಲೆ ದೋಣಿ ಎಳೆದು ಇಡುವವರಿಗೆ ಆ 20–25 ಕೆಜಿ ದಿನಾ ಕಾಡುತ್ತದೆ. ಹಳೆ ದೋಣಿಯ ಟ್ರಾನ್ಸಮ್‌ಗೂ ಭಾರ ಹೆಚ್ಚಾಗುತ್ತದೆ.

ಪೆಟ್ರೋಲ್ ಖರ್ಚು ನೋಡಿ. ಪೂರ್ತಿ ಥ್ರಾಟಲ್‌ನಲ್ಲಿ ಕಾರ್ಬೊರೇಟರಿನ 40 ಎಚ್‌ಪಿ ಎರಡು ಸ್ಟ್ರೋಕ್ ಗಂಟೆಗೆ ಸುಮಾರು 20 ಲೀಟರ್ ಕುಡಿಯುತ್ತದೆ. ನಾಲ್ಕು ಸ್ಟ್ರೋಕ್ ಸುಮಾರು 15 ಲೀಟರ್. ಅಂದರೆ ಗಂಟೆಗೆ 5 ಲೀಟರ್ ವ್ಯತ್ಯಾಸ. ಪೆಟ್ರೋಲ್ ಲೀಟರಿಗೆ 100 ರೂಪಾಯಿ ಅಂತ ಹಿಡಿದರೂ ಗಂಟೆಗೆ 500 ರೂಪಾಯಿ ಉಳಿತಾಯ. ಜೊತೆಗೆ ಎರಡು ಸ್ಟ್ರೋಕ್‌ಗೆ ಪೆಟ್ರೋಲಿನಲ್ಲಿ ಆಯಿಲ್ ಬೆರೆಸಬೇಕು. ಸಾಮಾನ್ಯವಾಗಿ 50 ಲೀಟರಿಗೆ 1 ಲೀಟರ್, ಅದೂ ನೀರಿನ ಎಂಜಿನ್ನಿಗೆಂದೇ ಮಾಡಿದ ಟಿಸಿ–ಡಬ್ಲ್ಯು3 ಆಯಿಲ್. ಬೈಕಿನ ಆಯಿಲ್ ನಡೆಯುವುದಿಲ್ಲ.

ಈಗ ಲೆಕ್ಕ ಹಾಕಿ. ಎರಡು ಸ್ಟ್ರೋಕ್ ದೋಣಿ ನಿಮಗೆ 1 ಲಕ್ಷ ಕಡಿಮೆಗೆ ಸಿಗುತ್ತದೆ ಎಂದಿಟ್ಟುಕೊಳ್ಳಿ. ಪೂರ್ತಿ ಥ್ರಾಟಲ್‌ನಲ್ಲಿ 200 ಗಂಟೆ ಓಡಿಸುವಷ್ಟರಲ್ಲಿ ಆ 1 ಲಕ್ಷ ಪೆಟ್ರೋಲಿಗೆ ಹೋಗಿರುತ್ತದೆ. ಸೀಸನ್‌ನಲ್ಲಿ ಪ್ರವಾಸಿಗರನ್ನು ದಿನಾ ಕರೆದೊಯ್ಯುವವರು ಒಂದೇ ವರ್ಷದಲ್ಲಿ ಅಷ್ಟು ಓಡಿಸುತ್ತಾರೆ. ಅವರಿಗೆ ಕೊನೆಯ ಲಾಟಿನ ಎರಡು ಸ್ಟ್ರೋಕ್ ಬೇಡವೇ ಬೇಡ. ಭಾನುವಾರ ಗಾಳ ಹಾಕಲು ಹೋಗುವವರು ಅಷ್ಟು ಗಂಟೆ ಓಡಿಸಲು ಹಲವು ವರ್ಷ ಬೇಕು. ಅವರಿಗೆ ಅದು ಒಳ್ಳೆಯ ವ್ಯಾಪಾರ. ಒಂದೇ ದೋಣಿ, ಒಂದೇ ರೇಟು, ಆದರೂ ಇಬ್ಬರಿಗೆ ಎರಡು ಉತ್ತರ.

ಎರಡು ಸ್ಟ್ರೋಕ್‌ನ ಪರವಾಗಿ ಒಂದು ಮಾತು ಹೇಳಲೇಬೇಕು. ಅಳಿವೆ ದಾಟುವಾಗ, ತೆರೆ ಏಳುವ ಮೊದಲು ಥ್ರಾಟಲ್ ಕೊಟ್ಟ ಕ್ಷಣಕ್ಕೆ ದೋಣಿ ಮುಂದೆ ನುಗ್ಗಬೇಕು. ಹಗುರ ಎರಡು ಸ್ಟ್ರೋಕ್ ಅದನ್ನು ಚೆನ್ನಾಗಿ ಮಾಡುತ್ತದೆ. ನಮ್ಮ ಮೀನುಗಾರರು ಅದನ್ನು ಇಷ್ಟು ವರ್ಷ ಬಿಡದಿರಲು ಇದೂ ಒಂದು ಕಾರಣ.

ಈಗಿನ ಪೆಟ್ರೋಲಿನ ವಿಷಯ ಬೇರೆ ಇದೆ. ಈಗ ಬಂಕ್‌ನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಔಟ್‌ಬೋರ್ಡ್ ಕಂಪನಿಗಳಲ್ಲಿ ಹೆಚ್ಚಿನವು ಶೇ 10ರ ತನಕ ಮಾತ್ರ ಸರಿ ಎನ್ನುತ್ತಾ ಬಂದಿವೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವಕ್ಕೆ ಬರವೇ? ಟ್ಯಾಂಕಿನಲ್ಲಿ ವಾರಗಟ್ಟಲೆ ನಿಂತರೆ ನೀರು ತಳಕ್ಕೆ ಬೇರೆಯಾಗುತ್ತದೆ, ಕಾರ್ಬೊರೇಟರ್ ಕಟ್ಟುತ್ತದೆ, ಹಳೆ ರಬ್ಬರ್ ಪೈಪು ಮೆತ್ತಗಾಗುತ್ತದೆ. ಹಳೆಯ ವಿನ್ಯಾಸದ ಎಂಜಿನ್ನಿಗೆ ಇದು ಇನ್ನೂ ಕಷ್ಟ. ಹಾಗಾಗಿ ಶೇ 20ರ ಪೆಟ್ರೋಲಿಗೆ ಈ ಎಂಜಿನ್ ಆಗುತ್ತದೋ ಇಲ್ಲವೋ ಎಂದು ಬರಹದಲ್ಲಿ ಕೇಳಿ. ಆಗದಿದ್ದರೆ ರಬ್ಬರ್ ಪೈಪುಗಳನ್ನು ಬದಲಾಯಿಸಿ ಕೊಡಲು ಹೇಳಿ. ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಿ. ಯಾವ ಎಂಜಿನ್ ಕೊಂಡರೂ ಈ ಫಿಲ್ಟರ್ ಬೇಕು.

10 ಎಚ್‌ಪಿ ಗೆರೆ, ಸೀಮೆಎಣ್ಣೆ, ತೆರಿಗೆ

ಮೀನುಗಾರಿಕೆಗೆ ಕೊಳ್ಳುವವರು ಎಂಜಿನ್ ಆರಿಸುವ ಮೊದಲು ಮಳೆಗಾಲ ನೆನಪಿಡಬೇಕು. ನಮ್ಮ ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. 10 ಎಚ್‌ಪಿಗಿಂತ ಹೆಚ್ಚಿನ ಎಂಜಿನ್ ಇರುವ ನಾಡದೋಣಿಗೂ ಅದು ಅನ್ವಯ. 10 ಎಚ್‌ಪಿ ಒಳಗಿನ ನಾಡದೋಣಿಗೆ ವಿನಾಯಿತಿ ಇದೆ. 9.9 ಎಚ್‌ಪಿ ಎಂಜಿನ್ ನಮ್ಮ ಕಡೆ ಯಾಕೆ ಇಷ್ಟು ಬೇಡಿಕೆಯಲ್ಲಿದೆ ಅಂತ ಇದರಿಂದ ಗೊತ್ತಾಗುತ್ತದೆ. ಡೀಲರ್ 25 ಎಚ್‌ಪಿಯ ಕೊನೆಯ ಪೀಸನ್ನು 9.9ರ ರೇಟಿಗೇ ಕೊಡುತ್ತೇನೆ ಎಂದರೂ, ಮಳೆಗಾಲದ ಎರಡು ತಿಂಗಳ ದುಡಿಮೆ ಬೇಕಾದವರು ಒಪ್ಪಬಾರದು.

ಸೀಮೆಎಣ್ಣೆ ಎಂಜಿನ್ ಕೊನೆಯ ಲಾಟಿನಲ್ಲಿ ಸಿಕ್ಕರೆ? ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸಹಾಯಧನದ ಸೀಮೆಎಣ್ಣೆ ಸಮಯಕ್ಕೆ ಸಿಗುವುದಿಲ್ಲ ಎಂದು ನಾಡದೋಣಿಯವರು ಎಷ್ಟೋ ಸಲ ಬೀದಿಗೆ ಇಳಿದಿದ್ದಾರೆ. ರಾಜ್ಯ ಸರ್ಕಾರವೇ 2023ರ ಬಜೆಟ್‌ನಲ್ಲಿ ಸೀಮೆಎಣ್ಣೆ ಎಂಜಿನ್ ಬಿಟ್ಟು ಪೆಟ್ರೋಲ್, ಡೀಸೆಲ್ ಎಂಜಿನ್ ಹಾಕಿಸಿಕೊಳ್ಳಲು ತಲಾ 50 ಸಾವಿರ ರೂಪಾಯಿ ಸಹಾಯಧನ ಘೋಷಿಸಿತು. ಎಂಜಿನ್ನಿನ ಜೊತೆ ಎಣ್ಣೆಯೂ ನಿಲ್ಲುವ ದಾರಿಯಲ್ಲಿದ್ದರೆ ಅದರಲ್ಲಿ ಹೊಸದಾಗಿ ಹಣ ಹಾಕಬಾರದು.

ಮೀನುಗಾರರು ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯನ್ನೂ ವಿಚಾರಿಸಿ. ಅದರಲ್ಲಿ ಸಾಮಾನ್ಯ ವರ್ಗಕ್ಕೆ ಶೇ 40, ಪರಿಶಿಷ್ಟರಿಗೆ ಮತ್ತು ಮಹಿಳೆಯರಿಗೆ ಶೇ 60ರವರೆಗೆ ಸಹಾಯಧನ ಇದೆ. ಮುಂಗಡ ಕೊಡುವ ಮೊದಲೇ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ. ‘ಇವತ್ತೇ ತಗೊಳ್ಳಿ, ನಾಳೆ ಇರಲ್ಲ’ ಎಂಬ ಅವಸರಕ್ಕೆ ಬಿದ್ದು ಇಷ್ಟು ದೊಡ್ಡ ಸಹಾಯ ಕಳೆದುಕೊಳ್ಳಬೇಡಿ.

ತೆರಿಗೆಯ ವ್ಯತ್ಯಾಸ ಕೇಳಿದರೆ ಆಶ್ಚರ್ಯ ಆಗುತ್ತದೆ. ಮೀನುಗಾರಿಕೆ ದೋಣಿಗೆ ಜಿಎಸ್‌ಟಿ ಶೇ 5. ಮೋಜಿಗೆ, ಕ್ರೀಡೆಗೆ ಬಳಸುವ ದೋಣಿಗೆ ಮೊದಲು ಶೇ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40. ಹವ್ಯಾಸಕ್ಕೆ ದೋಣಿ ಕೊಳ್ಳುವವರು ಡೀಲರ್ ಹೇಳಿದ ರೇಟು ತೆರಿಗೆ ಸೇರಿಯೋ ಸೇರದೆಯೋ ಎಂದು ಮೊದಲು ಕೇಳಿ. ಹಳೆ ದರಪಟ್ಟಿ ತೋರಿಸಿ ಒಪ್ಪಿಸಿ ಆಮೇಲೆ ತೆರಿಗೆ ಸೇರಿಸಿದರೆ ರಿಯಾಯಿತಿ ಪೂರ್ತಿ ಕರಗಿಹೋಗುತ್ತದೆ.

ಓಡಿಸುವ ಜಾಗ ಯಾವುದು?

ದೋಣಿ ಓಡುವುದು ಕಾಳಿ ನದಿಯ ಒಳಗೋ, ಶರಾವತಿಯ ಹಿನ್ನೀರಿನಲ್ಲೋ, ಅಘನಾಶಿನಿಯ ಗಜನಿ (ಉಪ್ಪುನೀರು ನುಗ್ಗುವ ಗದ್ದೆ) ಕಡೆಯೋ, ಅಥವಾ ಅಳಿವೆ ದಾಟಿ ಸಮುದ್ರಕ್ಕೋ? ನದಿಯೊಳಗೆ ಮಾತ್ರ ಎಂದರೆ ಚಪ್ಪಟೆ ತಳದ ಸಣ್ಣ ದೋಣಿ, 9.9 ಎಚ್‌ಪಿ ಧಾರಾಳ ಸಾಕು. ಎಂಜಿನ್ ಮಧ್ಯದಲ್ಲಿ ನಿಂತರೂ ಹುಟ್ಟು ಹಾಕಿ ದಡ ಸೇರಬಹುದು. ಇಲ್ಲಿ ಕೊನೆಯ ಲಾಟಿನ ದೋಣಿ ಆರಾಮಾಗಿ ಕೊಳ್ಳಬಹುದು.

ಸಮುದ್ರಕ್ಕೆ ಹೋಗುವವರು ಹಾಗೆ ಯೋಚಿಸಲು ಬರುವುದಿಲ್ಲ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪ ಸುಮಾರು 19 ಕಿಲೋಮೀಟರ್. ಅಲ್ಲಿ ಎಂಜಿನ್ ಕೈಕೊಟ್ಟರೆ ಹುಟ್ಟಿನಿಂದ ಆಗುವುದೇನಿಲ್ಲ. ಅಂಥ ಕಡೆ ಹೋಗುವವರಿಗೆ ‘ವಿ’ ಆಕಾರದ ತಳ ಬೇಕು, ಬಿಡಿಭಾಗ ಮರುದಿನವೇ ಸಿಗುವ ಎಂಜಿನ್ ಬೇಕು, ಜೊತೆಗೆ ಸಣ್ಣ ಎರಡನೇ ಎಂಜಿನ್ ಇದ್ದರೆ ಇನ್ನೂ ಒಳ್ಳೆಯದು. ಇಲ್ಲಿ ರಿಯಾಯಿತಿ ಮುಖ ನೋಡಬಾರದು.

ಅಳಿವೆಯ ಮರಳುದಿನ್ನೆ ವರ್ಷವರ್ಷಕ್ಕೂ ಜಾಗ ಬದಲಿಸುತ್ತದೆ. ಹೊನ್ನಾವರದ ಅಳಿವೆಯಲ್ಲಿ ದೋಣಿ ನಡೆಸುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕಾರವಾರದಲ್ಲಿ 2024ರ ಆಗಸ್ಟ್ 7ರ ನಸುಕಿನಲ್ಲಿ ಹಳೆ ಕಾಳಿ ಸೇತುವೆ ಕುಸಿದುಬಿತ್ತು. ಕೋಡಿಬಾಗ, ಸದಾಶಿವಗಡದ ನಡುವೆ ಓಡಾಡುವ ಹೊಸಬರು ಅಲ್ಲಿನ ದಾರಿಯನ್ನು ಸ್ಥಳೀಯ ಮೀನುಗಾರರ ಹತ್ತಿರವೇ ಕೇಳಿ ತಿಳಿಯಬೇಕು. ಅರಗಾ ಕಡೆ ಐಎನ್‌ಎಸ್ ಕದಂಬ ನೌಕಾನೆಲೆ ಇದೆ. ಅದರ ಸುತ್ತ ನಿರ್ಬಂಧಿತ ಪ್ರದೇಶ, ಅಂಜುದೀವ ದ್ವೀಪದ ಹತ್ತಿರವೂ ಹೋಗುವಂತಿಲ್ಲ.

2019ರ ಜನವರಿ 21ರಂದು ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಮಂದಿ ಜೀವ ಕಳೆದುಕೊಂಡರು. ಕಾರವಾರದವರು ಆ ದಿನ ಮರೆತಿಲ್ಲ. ದೋಣಿ ಕೊಳ್ಳುವಾಗ ಎಷ್ಟು ಜನ, ಎಷ್ಟು ಕೆಜಿ, ಎಷ್ಟು ಎಚ್‌ಪಿ ಎಂಬ ಫಲಕ ದೋಣಿಯ ಮೇಲಿದೆಯಾ ನೋಡಿ. ಆ ಸಂಖ್ಯೆಗೆ ತಕ್ಕಷ್ಟು ಲೈಫ್ ಜಾಕೆಟ್ ದೋಣಿಯ ಬಿಲ್ಲಿನಲ್ಲೇ ಸೇರಿಸಿ ಕೊಳ್ಳಿ. ಆಮೇಲೆ ತರೋಣ ಎಂದರೆ ಅದು ಆಮೇಲೆಯೇ ಉಳಿಯುತ್ತದೆ. ರಿಯಾಯಿತಿಯಲ್ಲಿ ಉಳಿಸಿದ ಹಣಕ್ಕೆ ಇದಕ್ಕಿಂತ ಒಳ್ಳೆಯ ಖರ್ಚು ಇಲ್ಲ.

ಸಿರಸಿ, ಯಲ್ಲಾಪುರ ಕಡೆಯಿಂದ ಹೋಮ್‌ಸ್ಟೇಗೆ ದೋಣಿ ಬೇಕೆನ್ನುವವರಿಗೂ ಒಂದು ಮಾತು. ಸಿಹಿನೀರಿನಲ್ಲಿ ಎಂಜಿನ್ ಬಹಳ ಕಾಲ ಬಾಳುತ್ತದೆ, ಹಾಗಾಗಿ ಕೊನೆಯ ಲಾಟು ನಿಮಗೆ ಕರಾವಳಿಯವರಿಗಿಂತ ಹೆಚ್ಚು ಹೊಂದುತ್ತದೆ. ತುಕ್ಕು ತಡೆಯಲು ಎಂಜಿನ್ನಿಗೆ ಹಾಕುವ ಲೋಹದ ತುಂಡು ಉಪ್ಪು ನೀರಿಗೆ ಸತುವಿನದ್ದು, ಸಿಹಿನೀರಿಗೆ ಮೆಗ್ನೀಸಿಯಂನದ್ದು ಸರಿ. ಅದನ್ನು ಬದಲಾಯಿಸಿಕೊಳ್ಳಿ. ಅಣೆಕಟ್ಟಿನ ಹಿನ್ನೀರಾದರೆ ಅನುಮತಿ ಸಿಕ್ಕ ಮೇಲೆಯೇ ದೋಣಿ ಕೊಳ್ಳಿ.

ಕಾಗದ, ಪರೀಕ್ಷೆ, ಚೌಕಾಸಿ

ಪ್ರವಾಸಿಗರನ್ನು ಒಳನಾಡಿನ ನೀರಿನಲ್ಲಿ ಕರೆದೊಯ್ಯುವ ಯಂತ್ರದೋಣಿಗೆ 2021ರ ಒಳನಾಡು ಹಡಗು ಕಾಯ್ದೆಯಂತೆ ನೋಂದಣಿ, ತಪಾಸಣೆ, ವಿಮೆ ಬೇಕು. ಮೀನುಗಾರಿಕೆಗಾದರೆ ಮೀನುಗಾರಿಕೆ ಇಲಾಖೆಯ ನೋಂದಣಿ ಮತ್ತು ಪರವಾನಗಿ. ಎರಡಕ್ಕೂ ಬಾಡಿ ಮಾಡಿದವರ ಪ್ರಮಾಣಪತ್ರ, ಎಂಜಿನ್ ನಂಬರ್ ಇರುವ ಬಿಲ್ಲು ಕೈಯಲ್ಲಿರಲಿ. ಹಳೆ ಸ್ಟಾಕಿನಲ್ಲಿ ಒಬ್ಬ ಡೀಲರಿನಿಂದ ಇನ್ನೊಬ್ಬರಿಗೆ ಹೋದ ಎಂಜಿನ್ ಇರುತ್ತದೆ, ಕಾಗದ ನಡುವೆ ಎಲ್ಲೋ ಉಳಿದಿರುತ್ತದೆ. ಕಾಗದ ಪೂರ್ತಿ ನೋಡದೆ ಹಣ ಕೊಡಬೇಡಿ.

ಗ್ಯಾರಂಟಿ ನಿಮ್ಮ ಬಿಲ್ಲಿನ ದಿನದಿಂದ ಶುರುವೋ, ಡೀಲರಿಗೆ ಸರಕು ಬಂದ ದಿನದಿಂದಲೋ ಕೇಳಿ ಬರೆಸಿಕೊಳ್ಳಿ. ಎರಡು ವರ್ಷ ನಿಂತ ಎಂಜಿನ್ನಿನ ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ಒಂದೇ ಕಡೆ ಬಾಗಿ ಹಾಗೇ ಗಟ್ಟಿಯಾಗಿರುತ್ತದೆ. ಓಡಿಸುವ ಮೊದಲೇ ಅದನ್ನು ಹೊಸದು ಹಾಕಿಸಿ. ಕಾರ್ಬೊರೇಟರ್ ಬಿಚ್ಚಿ ತೊಳೆಸಿ. ಗೇರ್ ಆಯಿಲ್ ಬದಲಿಸುವಾಗ ಹೊರಬರುವ ಆಯಿಲ್ ಹಾಲಿನ ಬಣ್ಣ ಇದ್ದರೆ ಸೀಲ್ ಹೋಗಿ ನೀರು ಸೇರಿದೆ ಎಂದರ್ಥ. ಬ್ಯಾಟರಿ ಇದ್ದರೆ ಹೊಸದೇ ಕೇಳಿ.

ಚೌಕಾಸಿಯನ್ನು ಹಣದಲ್ಲಿ ಮಾಡುವುದಕ್ಕಿಂತ ಸಾಮಾನಿನಲ್ಲಿ ಮಾಡಿ. ಇನ್ನೊಂದು ಹತ್ತು ಸಾವಿರ ಇಳಿಸಿ ಎನ್ನುವ ಬದಲು ಬಿಡಿಭಾಗ ಕೇಳಿ. ಎರಡು ಇಂಪೆಲ್ಲರ್ ಕಿಟ್, ಕಾರ್ಬೊರೇಟರ್ ಕಿಟ್, ಪ್ಲಗ್‌ಗಳು, ಲೋವರ್ ಯೂನಿಟ್ಟಿನ (ಕೆಳಗಿನ ಗೇರ್ ಭಾಗದ) ಸೀಲುಗಳು, ಥರ್ಮೋಸ್ಟಾಟ್, ಸ್ಟಾರ್ಟರ್ ಹಗ್ಗ ಮತ್ತು ಸ್ಪ್ರಿಂಗು, ಇಗ್ನಿಷನ್ ಕಾಯಿಲ್, ಒಂದು ಹೆಚ್ಚುವರಿ ಪ್ರೊಪೆಲ್ಲರ್. ಮಾಡೆಲ್ ನಿಲ್ಲುತ್ತಿದೆ ಎಂದಾದರೆ ಈ ಸಾಮಾನು ಇವತ್ತು ಡೀಲರಿನ ಕಪಾಟಿನಲ್ಲಿ ಸುಮ್ಮನೆ ಬಿದ್ದಿರುತ್ತದೆ. ನಾಲ್ಕು ವರ್ಷ ಕಳೆದ ಮೇಲೆ ನಿಮಗೆ ಅದೇ ಬೇಕಾಗುತ್ತದೆ. ಜೊತೆಗೆ ಬಿಡಿಭಾಗಗಳ ಸಂಖ್ಯೆ ಇರುವ ಪುಸ್ತಕ ಕೇಳಿ ಪಡೆಯಿರಿ. ಹೆಸರು ಹೇಳಿದರೆ ಸಿಗದ ಸಾಮಾನು ನಂಬರ್ ಹೇಳಿದರೆ ಮುಂಬೈಯಲ್ಲೋ ಕೊಚ್ಚಿಯಲ್ಲೋ ಸಿಗುತ್ತದೆ.

ಕೊನೆಯ ಕಂತಿನ ಹಣವನ್ನು ನೀರಿನಲ್ಲಿ ಓಡಿಸಿ ನೋಡಿದ ಮೇಲೆಯೇ ಕೊಡಿ. ಅಂಗಡಿಯ ಡ್ರಮ್ಮಿನಲ್ಲಿ ಸ್ಟಾರ್ಟ್ ಮಾಡಿ ತೋರಿಸಿದ್ದು ಪರೀಕ್ಷೆ ಅಲ್ಲ. ನೀವು ದಿನಾ ಒಯ್ಯುವಷ್ಟು ಜನ ಮತ್ತು ಭಾರ ಹಾಕಿ, ಒಂದು ಗಂಟೆಯಾದರೂ ಓಡಿಸಿ. ಎಂಜಿನ್ ಹಿಂದಿನ ಸಣ್ಣ ತೂತಿನಿಂದ ನೀರು ಒಂದೇ ಸಮ ಬರುತ್ತಿರಬೇಕು, ಬಿಸಿಯಾದ ಮೇಲೆ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಎರಡೋ ಮೂರೋ ಎಳೆತಕ್ಕೆ ಹಿಡಿಯಬೇಕು. ನಿಮ್ಮ ಬಂದರಿನ ಮೆಕ್ಯಾನಿಕ್‌ಗೆ ಒಂದು ದಿನದ ಕೂಲಿ ಕೊಟ್ಟು ಜೊತೆಗೆ ಕರೆದೊಯ್ಯಿರಿ. ಮುಂದೆ ಆ ಎಂಜಿನ್ ಬಿಚ್ಚುವವರು ಅವರೇ ಆದ್ದರಿಂದ, ತಗೊಳ್ಳೋದಾ ಬೇಡವಾ ಎಂದು ಅವರನ್ನೇ ಕೇಳಿ.